ಮಾವನ ಹೊಟ್ಟೆಗೆ ನಾನು ಕಟ್ಟಿದ ಬೆಲ್ಟು

ಕರಿಯಣ್ಣ ಮಾವ, ಡಾಕ್ಟರು ಕೊಟ್ಟ ಇಂಗ್ಲಿಷ್ ಚೀಟಿಯಲ್ಲಿ ಬೆಲ್ಟಿನ ಮಾತೇ ಇರಲಿಲ್ಲ. ನಾನು ಸುಳ್ಳು ಓದಿದೆ. ಅರ್ಥವಾಗದೆ ಓದಿದ್ದಲ್ಲ — ಅರ್ಥ ಮಾಡಿಕೊಂಡೇ ಓದಿದ ಸುಳ್ಳು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೆಂಗಳೂರಲ್ಲಿ ನಿನ್ನ ಕೆಟ್ಟ ಕರುಳು ಕತ್ತರಿಸಿ, ಉಳಿದದ್ದರ ತುದಿಯನ್ನು ಹೊಟ್ಟೆಯ ಎಡಗಡೆ ತೂತು ಮಾಡಿ ಹೊರಗೆ ತಂದು ಹೊಲಿದಿದ್ದರು. ಮಲ ಅಲ್ಲಿಂದಲೇ ಚೀಲಕ್ಕೆ. ವರ್ಷ ತುಂಬುವಷ್ಟರಲ್ಲಿ ಆ ತೂತಿನ ಸುತ್ತ ತೆಂಗಿನಕಾಯಿಯಷ್ಟು ಉಬ್ಬು. ಮತ್ತೆ ಹೋಗಿ ತೋರಿಸಿದವನು ಚೀಟಿ ಹಿಡಿದು ನೇರ ಸಿರಾದ ನನ್ನ ಸೈಕಲ್ ಶಾಪಿಗೇ ಬಂದೆ. ರದ್ದಿಯಲ್ಲಿ ಕೊಂಡ ಡಾಕ್ಟರಿ ಪುಸ್ತಕ ಓದುತ್ತಿದ್ದವನು ಮನೆತನದಲ್ಲಿ ನಾನೊಬ್ಬನೇ ತಾನೆ!

"ಏನ್ ಬರ್ದವ್ರೆ, ಓದ್ಲಾ ಡಾಕ್ಟ್ರೇ," ಅಂದೆ ನೀನು.

ಬರೆದದ್ದು ಇಷ್ಟು: ತೂತಿನ ಸುತ್ತ ಹೊಟ್ಟೆಯ ಗೋಡೆ ಸಡಿಲವಾಗಿ ಒಳಗಿನ ಕರುಳು ಅಲ್ಲಿಗೆ ನುಗ್ಗುತ್ತಿದೆ, ಬೇಗ ಬಂದು ಆಪರೇಷನ್ ಮಾಡಿಸಿಕೊಳ್ಳಬೇಕು, ಅಲ್ಲಿಯವರೆಗೆ ಭಾರ ಎತ್ತಬಾರದು.

"ಬೆಲ್ಟ್ ಕಟ್ಕೊಂಡ್ರೆ ಸಾಕಂತೆ ಮಾವ. ಆಪರೇಷನ್ ಬ್ಯಾಡ್ವಂತೆ."

"ಬದುಕ್ದೆ ಬುಡು! ಎಲ್ಡೆಲ್ಡ್ ಸಲ ಕೊಯ್ಸ್ಕಳಕ್ಕೆ ನಾನೇನ್ ಹಬ್ಬದ ಕುರಿಯೇನ್ಲಾ?"

ನಾನು ಯಾಕೆ ಹಾಗೆ ಸುಳ್ಳು ಹೇಳಿದೆ? ನಿನ್ನ ಉಬ್ಬು ಕಂಡಾಗಲೇ ಕ್ಯಾನ್ವಾಸು, ಹಳೇ ಟ್ಯೂಬು ಸೇರಿಸಿ, ನಡುವೆ ಚೀಲಕ್ಕೆ ಜಾಗ ಬಿಟ್ಟು ಬೆಲ್ಟ್ ಆಗಲೇ ಹೊಲಿದಿಟ್ಟಿದ್ದೆ. ನೀನು ಆಪರೇಷನ್ನಿಗೆ ಹೋದರೆ ಅದನ್ನು ಯಾರ ಹೊಟ್ಟೆಗೆ ಕಟ್ಟಿ ನೋಡಲಿ — ಇಷ್ಟೇ. ಇಷ್ಟೇ ಕಾರಣ! ಬರೆಯುವಾಗಲೇ ನನ್ನ ಮೇಲೆ ಮೈಯೆಲ್ಲ ಉರಿಯುತ್ತಿದೆ.

ಉಬ್ಬು ಅಡಗಿದಂತೆ ಕಂಡಿತು. ನೀನು ಮತ್ತೆ ಕುರಿಗಳನ್ನು ಹೆಗಲಿಗೇರಿಸಿಕೊಂಡೆ. ಆರು ತಿಂಗಳಾದ ಮೇಲೊಂದು ಮಧ್ಯಾಹ್ನ, ಪಟ್ಟನಾಯಕನಹಳ್ಳಿ ಕಡೆ ಮೇಯಿಸುತ್ತಿದ್ದವನು ವಾಂತಿ ಮಾಡುತ್ತಾ ಕುಸಿದೆ. ನಾನೇ ಬೆಂಗಳೂರಿಗೆ ಕರೆದೊಯ್ದೆ. ಉಬ್ಬಿನೊಳಗೆ ಕರುಳು ಸಿಕ್ಕಿಕೊಂಡು ಕಪ್ಪಾಗಿತ್ತು. ಡಾಕ್ಟರು ಒಂದು ಮೊಳ ಕತ್ತರಿಸಿದರು, ಹಳೇ ತೂತು ಮುಚ್ಚಿ ಬಲಗಡೆ ಹೊಸದು ಮಾಡಿದರು. ಮೊದಲೇ ಬಂದಿದ್ದರೆ ಒಳಗಿಂದ ಬಲೆಯಂಥ ಬಟ್ಟೆ ಇಟ್ಟು ಭದ್ರ ಮಾಡಬಹುದಿತ್ತಂತೆ. ಕೊಳೆತ ಹೊಟ್ಟೆಯಲ್ಲಿ ಅದನ್ನು ಇಡುವಂತಿಲ್ಲವಂತೆ. ಒಳಗಿಂದ! ಹರಿದ ಟೈರಿಗೆ ಒಳಗಿಂದಲೇ ತೇಪೆ ಕೊಡುವವನು ನಾನು, ಹೊರಗೆ ದಾರ ಸುತ್ತಿಕೊಂಡು ಬರುವ ಗಿರಾಕಿಗಳಿಗೆ ದಿನಾ ಬೈಯುವವನೂ ನಾನೇ — ಥೂ.

"ಲೆಟರ್ ಕೊಟ್ಟಿದ್ನಲ್ರೀ, ಯಾಕ್ ಬರ್ಲಿಲ್ಲ?" ಡಾಕ್ಟರು ನಿನ್ನನ್ನು ಗದರಿದರು. ನೀನು ನನ್ನ ಮುಖ ನೋಡಿದೆ. ನಿನಗೆ ಎಲ್ಲ ತಿಳಿದುಹೋಯಿತು. ಆದರೂ ನಾನೇ ಮೊದಲು ಬಾಯಿಬಿಟ್ಟೆ:

"ಎಷ್ಟ್ ಹೇಳಿದ್ರೂ ಕೇಳ್ಲಿಲ್ಲ ಸಾರ್."

"ಊಂ ಸಾಮಿ, ನಂದೇ ತಪ್ಪು," ಅಂದುಬಿಟ್ಟೆ ನೀನು.

ಯಾಕೆ ಮಾವ? ಅಲ್ಲೇ ನನ್ನ ಕಪಾಳಕ್ಕೆ ಬಾರಿಸಬಾರದಿತ್ತೆ? ನನ್ನನ್ನು ಕಾಪಾಡು ಅಂತ ಕೇಳಿದವರು ಯಾರು?

ಐದು ವರ್ಷವಾಯಿತು. ನೀನು ಭಾರ ಎತ್ತುವಂತಿಲ್ಲ. ಮಂದೆಯನ್ನು ನಿನ್ನ ತಮ್ಮ ಹೊಡೆದುಕೊಂಡು ಹೋಗುತ್ತಾನೆ. ಮೊನ್ನೆ ರಂಗಮ್ಮತ್ತೆ ನಮ್ಮಿಬ್ಬರಿಗೂ ಮುದ್ದೆ ಇಕ್ಕುತ್ತಾ, "ಈ ಮೊಂಡ್ ಮನ್ಸ ನಮ್ ಸಿದ್ದನ್ ಮಾತ್ ಕೇಳಿದ್ರೆ ಇಂಗಾಯ್ತಿತ್ತಾ?" ಅಂದಳು. ಕಟ್ಟಿಕೊಂಡ ಹೆಂಡತಿ ಬೈದದ್ದನ್ನು ನೀನು ತಲೆ ತಗ್ಗಿಸಿ ಕೇಳಿಸಿಕೊಂಡೆ. ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿತ್ತು. ನಾನು ಅದನ್ನೂ ಉಂಡೆ.

ಭಾನುವಾರ ಬರುತ್ತೇನೆ. ಅತ್ತೆಯ ಎದುರಿಗೇ ಎಲ್ಲ ಹೇಳುತ್ತೇನೆ. ನೀನು "ಅಯ್, ಬುಡ್ಲಾ" ಅಂತ ಅಡ್ಡ ಬರುತ್ತೀಯ, ಗೊತ್ತು. ಬರಬೇಡ ಮಾವ. ಅವಳು ಬೈದು ಮುಗಿಸುವವರೆಗೂ ಸುಮ್ಮನಿರು.