ಹನ್ನೆರಡು ಫೈಲುಗಳು

“ಅಮ್ಮಾ, ಆ ಅಜ್ಜ ಯಾವ ಕ್ಲಾಸಲ್ಲಿ ಫೇಲ್ ಆಗ್ತಾನೇ ಇದ್ದಾರೆ?”

ಐದು ವರ್ಷದ ಮಗಳು ಸುಮ್ಮನೆ ಕೇಳಿರಲಿಲ್ಲ. ಅವಳ ತಾಯಿ ವಿಶ್ವವಿದ್ಯಾಲಯದ ಆನರ್ಸ್ ವಿಭಾಗದಲ್ಲಿ ಕ್ಲರ್ಕು. ಶಾಲೆ ಬಿಟ್ಟ ಮೇಲೆ ಮಗಳನ್ನು ಕರೆತಂದು, ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, ಐದು ಗಂಟೆಯ ತನಕ ಕೆಲಸ ಮಾಡುತ್ತಿದ್ದಳು. ಬರುವ ದಾರಿ ವರ್ಕ್‌ಶಾಪಿನ ಬಾಗಿಲ ಮುಂದೆ. ಅಲ್ಲಿ ಹುಡುಗ ಹುಡುಗಿಯರ ನಡುವೆ, ಅವರದೇ ತರಹದ ಬ್ಯಾಗು ಹೆಗಲಿಗೆ ಹಾಕಿಕೊಂಡು, ನೆರೆತ ತಲೆಯವರೊಬ್ಬರು ನಿಂತಿರುತ್ತಿದ್ದರು. ಅವರು ಮೂವತ್ತೊಂದು ವರ್ಷದಿಂದ ಇಲ್ಲೇ ಇದ್ದಾರೆಂದು ತಾಯಿಯೇ ಒಮ್ಮೆ ಹೇಳಿದ್ದಳು. ಮೂವತ್ತೊಂದು ವರ್ಷವಾದರೂ ಕಾಲೇಜು ಬಿಡದವರ ಬಗ್ಗೆ ಮಗು ಇನ್ನೇನು ತಾನೇ ತಿಳಿಯಬೇಕು?

ತಾಯಿ ನಾಲಿಗೆ ಕಚ್ಚಿಕೊಂಡಳು. ಮಾತು ಬಾಗಿಲಲ್ಲಿ ನಿಂತಿದ್ದವರ ಕಿವಿಗೆ ಬಿದ್ದಾಗಿತ್ತು.

“ಒಂಬತ್ತನೇ ಕ್ಲಾಸಲ್ಲಿ, ಪುಟ್ಟಿ,” ಅಂದರು ಅವರು, ಕನ್ನಡಕ ಒರೆಸಿಕೊಳ್ಳುತ್ತಾ. “ಎರಡು ಸಲ.”

“ಆಮೇಲೆ?”

“ಆಮೇಲೆ ಇಲ್ಲಿಗೆ ಹಾಕಿದ್ರು.”

ಅದು ಪೂರ್ತಿ ಸುಳ್ಳಲ್ಲ, ನಡುವೆ ಹತ್ತು ಹನ್ನೆರಡು ವರ್ಷ ಬಿಟ್ಟುಹೋಗಿತ್ತು, ಅಷ್ಟೆ. ಎರಡನೇ ಸಲ ಫೇಲಾದಾಗ ಅವರ ಸೋದರಮಾವ ತನ್ನ ಬೀಗದ ಅಂಗಡಿಗೆ ಕರೆದುಕೊಂಡು ಹೋಗಿ, ಕೈಗೊಂದು ಅರ ಕೊಟ್ಟು, ಕೀಲಿಕೈ ಉಜ್ಜಲು ಕೂರಿಸಿದ್ದ. ಅರ ಅನ್ನುವುದು ಪುಸ್ತಕದ ಮಾತು. ಅಂಗಡಿಯಲ್ಲೂ ಆಮೇಲೆ ವರ್ಕ್‌ಶಾಪಿನಲ್ಲೂ ಅದಕ್ಕೆ ಫೈಲು ಅಂತಲೇ ಹೆಸರು. ಹಾಗಾಗಿ ವಿದ್ಯಾರ್ಥಿಗಳ ಬಾಯಲ್ಲಿ ಇವರು ಫೈಲ್ ಮೇಷ್ಟ್ರು. ಕಾಗದದ ಮೇಲೆ ಮಾತ್ರ ಫಿಟ್ಟರ್.

ಮೇಷ್ಟ್ರಾದದ್ದು ನಾಲ್ಕು ವರ್ಷದ ಹಿಂದೆ, ಆನರ್ಸ್ ಕೋರ್ಸು ಶುರುವಾದಾಗ. ಜಾಣ ಮಕ್ಕಳನ್ನು ಆರಿಸಿ, ಓದಿನ ಜೊತೆಗೆ ಕೈಯಾರೆ ಮಾಡಿ ಕಲಿಸಬೇಕೆಂದು ಕೋರ್ಸಿನ ಪುಸ್ತಿಕೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಕೈಯ ಪಾಠ ಯಾರು ಮಾಡಬೇಕೆಂದು ಪ್ರಾಧ್ಯಾಪಕರು ಎರಡು ಸಭೆ ಚರ್ಚಿಸಿದರು. ಎರಡನೆಯ ಸಭೆಯಲ್ಲಿ ಇವರು ಅದೇ ಕೋಣೆಯ ಕಿಟಕಿಯ ಚಿಲಕ ರಿಪೇರಿ ಮಾಡುತ್ತಿದ್ದರು. ಹೀಗೆ ನೇಮಕವಾಯಿತು.

ಮೊದಲ ದಿನ ಒಬ್ಬೊಬ್ಬರಿಗೂ ಒಂದು ಫೈಲು, ಅಂಗೈ ಅಗಲದ ಒಂದು ಒರಟು ಕಬ್ಬಿಣದ ತುಂಡು. ಆರು ವಾರ ಅದರ ಒಂದು ಮೈ ಸಮ ಮಾಡಬೇಕು. ಬೇರೇನೂ ಇಲ್ಲ. ಸಮವಾಗಿದೆಯೆಂದು ಯಾರಾದರೂ ತಂದರೆ, ಚಪ್ಪಟೆ ಹಲಗೆಗೆ ನೀಲಿ ಬಣ್ಣ ತೆಳ್ಳಗೆ ಬಳಿದು ತುಂಡನ್ನು ಅದರ ಮೇಲೆ ಆಡಿಸಿ ತೋರಿಸುತ್ತಿದ್ದರು. ನೀಲಿ ಹತ್ತಿದ ಕಡೆ ಉಬ್ಬು. ಹೋಗಿ ಉಜ್ಜು. ರ‍್ಯಾಂಕ್ ಬಂದ ಮಗನನ್ನು ಕಬ್ಬಿಣ ತಿಕ್ಕಲು ಹಚ್ಚಿದ್ದಾರೆಂದು ತಂದೆಯೊಬ್ಬರು ದೂರು ಬರೆದಿದ್ದರು. ಅದನ್ನು ಫೈಲಿಗೆ ಸೇರಿಸಿದವಳೂ ಈ ತಾಯಿಯೇ.

ಎಂಥ ಪೆದ್ದು ಕೈಯಾದರೂ ಸರಿ, ಫೈಲನ್ನು ಅವರು ಒಬ್ಬರ ಕೈಯಿಂದಲೂ ಇಸಿದುಕೊಂಡವರಲ್ಲ. ಒಮ್ಮೆ ಮಾಡಿ ತೋರಿಸಬಾರದೇ ಎಂದು ತಾಯಿಯೇ ಕೇಳಿದ್ದಳು. “ನಾನು ಉಜ್ಜಿದ್ರೆ ನಾನು ಕಲೀತೀನಿ, ಅಮ್ಮ. ನನಗೆ ಆಗಲೇ ಬರುತ್ತೆ,” ಅಂದಿದ್ದರು.

ಈ ವರ್ಷ ಹೊರಗಿನಿಂದ ಮೂವರ ಸಮಿತಿ ಬಂತು. ಒಂಬತ್ತನೇ ಕ್ಲಾಸು ಫೇಲಾದವರು ಕೊಟ್ಟ ಅಂಕ ಆನರ್ಸ್ ಪದವಿಗೆ ಲೆಕ್ಕಕ್ಕೆ ಬರುತ್ತದೆಯೇ ಎಂಬುದು ಅವರ ಮುಂದಿದ್ದ ಪ್ರಶ್ನೆ. ಬರುವುದಿಲ್ಲವೆಂದರೆ ವರ್ಕ್‌ಶಾಪಿಗೆ ಬೀಗ. ಮಕ್ಕಳು ಪರದೆಯ ಮೇಲೆ ಕಬ್ಬಿಣದ ಚಿತ್ರ ನೋಡುತ್ತಾರೆ. ಮೇಷ್ಟ್ರು ಉಳಿದ ಎರಡು ವರ್ಷ ಉಗ್ರಾಣದಲ್ಲಿ ಕೂತು ಪೊರಕೆ, ಬಲ್ಬು ಕೊಡುತ್ತಾರೆ.

ಸುತ್ತೋಲೆ ಬರೆದು ಟೈಪು ಮಾಡಿದವಳು ತಾಯಿ. ‘ಹನ್ನೆರಡು ವಿದ್ಯಾರ್ಥಿಗಳ ಫೈಲುಗಳನ್ನು, ತಲಾ ಒಂದರಂತೆ, ಹೆಸರು ನಮೂದಿಸಿ, ಸೋಮವಾರ ಹನ್ನೊಂದರೊಳಗೆ ಸಲ್ಲಿಸತಕ್ಕದ್ದು.’ ಎಲ್ಲೂ ಎಡವದ ವಾಕ್ಯ ಎಂದು ಅವಳಿಗೆ ಒಳಗೊಳಗೇ ಸಮಾಧಾನವಿತ್ತು.

ಸೋಮವಾರ ಹತ್ತು ಐವತ್ತಕ್ಕೆ ಮೇಷ್ಟ್ರು ಮರದ ಪೆಟ್ಟಿಗೆಯೊಂದನ್ನು ಹೊತ್ತು ತಂದರು. ಅಟೆಂಡರ್ ಮುಚ್ಚಳ ತೆಗೆಯದೆ ಮೇಲೊಂದು ಇನ್‌ವರ್ಡ್ ನಂಬರು ಒತ್ತಿ ಸಮಿತಿ ಕೂತಿದ್ದ ಕೋಣೆಗೆ ಕಳಿಸಿದ. ಪೆಟ್ಟಿಗೆಯೊಳಗೆ ಹನ್ನೆರಡು ಕಬ್ಬಿಣದ ಫೈಲುಗಳು, ಎಣ್ಣೆ ಬಟ್ಟೆಯಲ್ಲಿ ಒರೆಸಿದ್ದವು. ಹಿಡಿಕೆಗೊಂದು ಪಟ್ಟಿ, ಪಟ್ಟಿಗೊಂದು ಹೆಸರು. ತಲಾ ಒಂದರಂತೆ.

ವಿಭಾಗದ ಮುಖ್ಯಸ್ಥರ ಮುಖ ಇಂಗು ತಿಂದ ಮಂಗನಂತಾಯಿತು. ಟಿಪ್ಪಣಿ ಬರೆದುಕೊಳ್ಳಲು ಕೂತಿದ್ದ ತಾಯಿಗೆ ತನ್ನ ವಾಕ್ಯ ಎಲ್ಲಿ ಎಡವಿತೆಂದು ಆಗ ಹೊಳೆಯಿತು. ಸಮಿತಿಯ ಅಧ್ಯಕ್ಷೆ, ವಯಸ್ಸಾದ ಪ್ರಾಧ್ಯಾಪಕಿ, ಒಂದನ್ನು ಎತ್ತಿ ತಿರುಗಿಸಿ ನೋಡಿದರು.

“ಇದರಲ್ಲಿ ಏನು ಬರೆದಿದೆ?”

ಅವರು ಕುಹಕವಾಡಿದ್ದು. ಮೇಷ್ಟ್ರು ಪ್ರಶ್ನೆಯೆಂದೇ ತಿಳಿದರು. ಫೈಲನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು.

“ಇದು ಅವಸರದ ಹುಡುಗಂದು. ಫೈಲು ಮುಂದಕ್ಕೆ ಹೋಗುವಾಗ ಮಾತ್ರ ಕಡಿಯುತ್ತೆ. ಇವನು ಹಿಂದಕ್ಕೆ ಎಳೆಯುವಾಗಲೂ ಒತ್ತಿದ್ದಾನೆ. ನಡುವಿನ ಹಲ್ಲು ಸತ್ತಿವೆ ನೋಡಿ. ತುದಿ ಹಲ್ಲು ಸವೆದಿವೆ, ಸತ್ತಿಲ್ಲ. ಅಂದ್ರೆ ನಾಲ್ಕನೇ ವಾರದಲ್ಲಿ ತಾನೇ ತಪ್ಪು ಕಂಡುಕೊಂಡು, ತುದಿ ಹಲ್ಲಿಂದ ಸರಿಯಾಗಿ ಶುರು ಮಾಡಿದ್ದಾನೆ.” ಇನ್ನೊಂದು ಎತ್ತಿದರು. “ಇದು ಎಡಗೈ ಹುಡುಗಿದು. ಎಲ್ಲಾ ಕಡೆ ಒಂದೇ ಸಮ ಸವೆದಿದೆ. ನನ್ನದೂ ಇಷ್ಟು ಸಮ ಇಲ್ಲ.” ಮೂರನೆಯದನ್ನು ಹಿಡಿದು ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿದರು. “ಈ ಫೈಲು ಅಂಗಡಿಯಿಂದ ಬಂದ ಹಾಗೇ ಇದೆ. ಈ ಹುಡುಗನ ಕಬ್ಬಿಣ ಕನ್ನಡಿ ಹಾಗಿದೆ. ಎರಡೂ ನಿಜ ಆಗಕ್ಕಾಗಲ್ಲ.”

ಅಧ್ಯಕ್ಷೆ ಆ ಹುಡುಗನಿಗೆ ಹೇಳಿಕಳಿಸಿದರು. ಅವನು ಬಂದು, ಮೇಜಿನ ಮೇಲಿದ್ದ ತನ್ನ ಫೈಲು ನೋಡಿ, ಯಾರೂ ಏನೂ ಕೇಳುವ ಮೊದಲೇ, ತನ್ನ ಚಿಕ್ಕಪ್ಪನ ಕಾರ್ಖಾನೆಯಲ್ಲಿ ಮಶಿನ್ ಇದೆ ಎಂದ.

ಆಮೇಲೆ ಉಳಿದ ಒಂಬತ್ತನ್ನೂ ಅಧ್ಯಕ್ಷೆ ಒಂದೊಂದಾಗಿ ಓದಿಸಿ ಕೇಳಿದರು. ಕೊನೆಗೆ, ಅಂಕ ಲೆಕ್ಕಕ್ಕೆ ಬರುತ್ತದೆ, ಆದರೆ ಬಾಯಲ್ಲಿ ಹೇಳಿದ್ದನ್ನು ಪದವಿಗೆ ಆಧಾರ ಮಾಡಲಾಗುವುದಿಲ್ಲ ಎಂದರು. ಒಬ್ಬೊಬ್ಬರಿಗೆ ಒಂದು ಪುಟ, ಮೇಷ್ಟ್ರ ಸ್ವಂತ ಕೈಬರಹದಲ್ಲಿ, ಸಹಿಯೊಂದಿಗೆ, ಮುಂದಿನ ಸೋಮವಾರದೊಳಗೆ. ಇಲ್ಲದಿದ್ದರೆ ವರ್ಕ್‌ಶಾಪು ಮುಚ್ಚುವುದೇ ಸರಿ. ಪೆಟ್ಟಿಗೆಗೆ ನಂಬರು ಬಿದ್ದಿದ್ದರಿಂದ ಅದು ದಾಖಲೆಯಾಗಿ ಬೀರು ಸೇರಿತು. ತಿಂಗಳಿಗೊಮ್ಮೆ ಎಣ್ಣೆ ಸವರಬೇಕೆಂದು ಮೇಷ್ಟ್ರು ಹೇಳಿದ್ದನ್ನು ಅಟೆಂಡರ್ ಬರೆದುಕೊಂಡ.

ಸಂಜೆ ನಾಲ್ಕಕ್ಕೆ ಮೇಷ್ಟ್ರು ಗೆರೆಯ ನೋಟ್‌ಬುಕ್ಕು ಹಿಡಿದು ತಾಯಿಯ ಮೇಜಿಗೆ ಬಂದರು. ಎಡಗೈ ಹುಡುಗಿಯ ಬಗ್ಗೆ ಐದು ಸಾಲು ಬರೆದಿದ್ದರು. ಅರ್ಧ ಒತ್ತಕ್ಷರಗಳು ನಾಪತ್ತೆ. ಸ್ಟೂಲಿನ ಮೇಲಿದ್ದ ಮಗಳು ಕತ್ತು ಚಾಚಿ ನೋಡಿ, ತನ್ನ ಮಿಸ್ಸು ಇದಕ್ಕೆ ಸ್ಟಾರ್ ಹಾಕುವುದಿಲ್ಲವೆಂದಳು. ಹಾಕಬಾರದು ಎಂದು ಮೇಷ್ಟ್ರೂ ಒಪ್ಪಿದರು.

ತಾಯಿ ಐದು ಸಾಲನ್ನೂ ಮತ್ತೊಮ್ಮೆ ಓದಿದಳು. ಸುತ್ತೋಲೆ ಅವಳದೇ ತಾನೇ? ಹನ್ನೆರಡು ಪುಟವೆಂದರೆ ಅವಳಿಗೆ ಒಂದು ಮಧ್ಯಾಹ್ನದ ಕೆಲಸ. ನೀವು ಹೇಳ್ತಾ ಹೋಗಿ ಮೇಷ್ಟ್ರೇ, ನಾನು ಚೆನ್ನಾಗಿ ಬರೆದು ಕೊಡ್ತೀನಿ, ನೀವು ನೋಡಿಕೊಂಡು ಇಳಿಸಿದ್ರೆ ಆಯ್ತು ಎಂದು ಹಾಳೆ ಎಳೆದುಕೊಂಡೇ ಬಿಟ್ಟಳು.

ಅವರು ನೋಟ್‌ಬುಕ್ಕನ್ನು ಮೆಲ್ಲಗೆ ತಮ್ಮ ಕಡೆಗೆ ಸರಿಸಿಕೊಂಡರು. ಮಗಳ ಬಣ್ಣದ ಡಬ್ಬಿಯಿಂದ ನೀಲಿ ಪೆನ್ಸಿಲು ಆರಿಸಿ ತಾಯಿಯ ಮುಂದಿಟ್ಟರು.

“ಒಂದು ಉಪಕಾರ ಮಾಡಿ, ಅಮ್ಮ. ತಪ್ಪಿರೋ ಕಡೆ ಇದರಲ್ಲಿ ಒಂದು ಚುಕ್ಕೆ ಇಡಿ, ಅಷ್ಟು ಸಾಕು. ನನ್ನ ಕೈಯಿಂದ ಪೆನ್ನು ಮಾತ್ರ ಇಸ್ಕೋಬೇಡಿ.”