ಎರಡನೆಯ ಕತ್ತರಿ ಗುರುತು

ಎಫಿ ಅಜ್ಜಿಯ ಓಟು ಹಾಳಾಗಿದ್ದರೆ ಅದಕ್ಕೆ ತಾನೇ ಕಾರಣ ಎಂಬ ಚಿಂತೆ ಮೂರು ದಿನದಿಂದ ವರ್ನಾಳನ್ನು ಬಿಟ್ಟಿರಲಿಲ್ಲ. ಹಲ್ಲು ಬರುತ್ತಿದ್ದ ಕೂಸು ಅತ್ತಾಗಲೂ ಅದೇ, ಆಲೂಗೆಡ್ಡೆ ಹೆಚ್ಚುವಾಗಲೂ ಅದೇ.

ಅದು ೧೯೬೮ರ ಜೂನ್. ಓಟಿನ ದಿನ ಪಕ್ಕದ ಮನೆಯ ಎಂಬತ್ತೆರಡರ ಎಫಿಯನ್ನು ಕಾರಿನಲ್ಲಿ ಕರೆದೊಯ್ದವಳು ವರ್ನಾ. ಷಾರ್ಲಟ್‌ಟೌನ್‌ನಲ್ಲಿ ಓದಿದವಳೆಂಬ ಹಮ್ಮು ಬೇರೆ. "ಮರೀಬೇಡಿ ಅಜ್ಜಿ, ಎರಡು ಕತ್ತರಿ ಗುರುತು" ಎಂದಿದ್ದಳು. ಅವರಿದ್ದ ಕ್ವೀನ್ಸ್ ಕೌಂಟಿಯಿಂದ ರಾಜಧಾನಿ ಒಟ್ಟಾವಾದ ಸಂಸತ್ತಿಗೆ ಅರುವತ್ತು ವರ್ಷದಿಂದ ಇಬ್ಬರು ಹೋಗುತ್ತಿದ್ದರು. ಒಬ್ಬೊಬ್ಬ ಮತದಾರನಿಗೂ ಎರಡು ಓಟು; ಚೀಟಿಯಲ್ಲಿ ಇಬ್ಬರ ಹೆಸರಿನ ಮುಂದೆ ಪೆನ್ಸಿಲ್ಲಿನಿಂದ ಒಂದೊಂದು ಕತ್ತರಿ ಗೀಟು ಹಾಕಬೇಕು. ಅಜ್ಜಿ ಮೊದಲು ಓಟು ಹಾಕಿ ಬಂದಳು. ಆಮೇಲೆ ಒಳಹೋದ ವರ್ನಾ ಗೋಡೆಯ ಮೇಲಿನ ಸೂಚನೆ ಓದಿ ಬೆಚ್ಚಿಬಿದ್ದಳು. ಕೌಂಟಿಯನ್ನು ಒಡೆದಿದ್ದಾರೆ, ಇನ್ನು ಕ್ಷೇತ್ರಕ್ಕೆ ಒಬ್ಬನೇ, ಗುರುತೂ ಒಂದೇ. ಎರಡು ಹಾಕಿದರೆ ಓಟು ಕಸಕ್ಕೆ. ಕೂಸು ಹುಟ್ಟಿದ ಮೇಲೆ ಅವಳು ಪೇಪರ್ ಬಿಡಿಸಿಯೇ ಇರಲಿಲ್ಲ.

ಎಫಿ ಹುಟ್ಟಿದಾಗ ಅವರ ಪ್ರಿನ್ಸ್ ಎಡ್ವರ್ಡ್ ದ್ವೀಪಕ್ಕೆ ಸಂಸತ್ತಿನಲ್ಲಿ ಆರು ಸ್ಥಾನ. ಶಾಲೆಯಲ್ಲಿದ್ದಾಗ ಐದು, ಮದುವೆಯ ಹೊತ್ತಿಗೆ ನಾಲ್ಕು. "ಹಲ್ಲು ಕೀಳೋ ಹಾಗೆ ಒಂದೊಂದೇ ಕೀಳ್ತಿದ್ದಾರೆ" ಎಂದು ಅವಳ ಅಪ್ಪ ಕೂಗಾಡುತ್ತಿದ್ದನಂತೆ. ಮೂರಕ್ಕೆ ಇಳಿಸಲು ಹೊರಟಾಗ ದ್ವೀಪದವರು ಹಟ ಹಿಡಿದರು: ಮೇಲ್ಮನೆಯಲ್ಲಿ ನಾಲ್ವರಿರುವಾಗ ಕೆಳಮನೆಯಲ್ಲಿ ಅದಕ್ಕೆ ಕಡಿಮೆಯಾಗಕೂಡದು. ಗೆದ್ದರು. ಹೆಂಗಸರಿಗೆ ಓಟು ಬಂದ ಮೇಲೆ ಎಫಿ ಒಂದು ಚುನಾವಣೆಯನ್ನೂ ತಪ್ಪಿಸಿರಲಿಲ್ಲ. ಗಂಡ ತೀರಿಕೊಂಡ ವಾರವೂ ಕಪ್ಪು ಟೋಪಿ ಹಾಕಿಕೊಂಡು ಹೋಗಿದ್ದಳು. ಅಂಥವಳ ಓಟು!

ಎದುರು ನಿಂತು ಹೇಳಲು ಮುಖವಿರಲಿಲ್ಲ; ಫೋನಿನಲ್ಲಿ ಹೇಳಿಬಿಡೋಣವೆಂದರೆ ಎಂಟು ಮನೆಗೆ ಒಂದೇ ತಂತಿ. ಒಬ್ಬರಿಗೆ ಹೇಳಿದ್ದು ಎಂಟು ಅಡಿಗೆಮನೆಯಲ್ಲಿ ಕೇಳುತ್ತಿತ್ತು. ಶುಕ್ರವಾರ ಬೆಳಿಗ್ಗೆ, ಇನ್ನು ತಡೆಯಲಾರದೆ, ಕೂಸನ್ನು ಸೊಂಟಕ್ಕೇರಿಸಿ ಫೋನು ತಿರುಗಿಸಿದಳು.

"ಅಜ್ಜಿ, ತಪ್ಪಾಯ್ತು. ಎರಡು ಗುರುತು ಅಂದಿದ್ದೆ, ಒಂದೇ ಹಾಕ್ಬೇಕಿತ್ತಂತೆ."

ಆ ಕಡೆ ಕೆಮ್ಮಿನಂಥ ನಗು. "ಅಯ್ಯೋ ಹುಚ್ಚೀ, ಎರಡನೇ ಗುರುತು ನಾನು ಯಾವತ್ತು ಹಾಕಿದೀನಿ? ಅದನ್ನ ಬೇರೆಯವನಿಗೆ ಹಾಕಿದ್ರೆ ನಮ್ಮ ಓಟಿಂದಲೇ ಅವನು ನಮ್ಮೋನನ್ನ ಮೀರಿಸ್ತಾನೆ ಅಂತ ಅಪ್ಪ ಹೇಳ್ಕೊಟ್ಟಿದ್ದ. ನಲವತ್ತೇಳು ವರ್ಷದಿಂದ ಒಂದೇ!"

"ಮತ್ತೆ ಕಾರಲ್ಲಿ ತಲೆ ಆಡಿಸಿದ್ರಲ್ಲ?"

"ಓದಿದ ಹುಡುಗಿ ಪಾಪ, ಬೇಜಾರಾಗ್ಬಾರದು ಅಂತ."

ತಂತಿಯ ಮೇಲೆ ಇನ್ಯಾರೋ ಕಿಸಕ್ಕೆಂದರು. "ನಮ್ಮನೇಲೂ ಒಂದೇ ಕಣೇ ವರ್ನಾ!"

"ಫೋನಿಡೇ ಹೇಜಲ್!" ಎಂದು ಎಫಿ ಗದರಿದಳು. ವರ್ನಾ ಕುರ್ಚಿಯ ಮೇಲೆ ಕುಸಿದು, ಮೂರು ದಿನದಲ್ಲಿ ಮೊದಲ ಸಲ ನಕ್ಕಳು. ಅವಳ ಬಾಯಿ ನೋಡಿ ಕೂಸೂ ನಕ್ಕಿತು.