ನನ್ನ ಅಂಗೈಗೆ ಸಿಗದ ಶ್ರುತಿ

ಮೊದಲೇ ಹೇಳಿಬಿಡುತ್ತೇನೆ. ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಕೂತರೆ ನಡುವೆ ಬಾಯಿ ಹಾಕಿ ಕೆಡಿಸುವವರ ಪೈಕಿ ನಾನು. ಹಾಳು ಬಾವಿಯಲ್ಲಿ ಗೆಜ್ಜೆ ಸದ್ದು ಕೇಳಿತು ಎಂದರೆ, ಕಪ್ಪೆ ಇರಬೇಕು ನೋಡ್ರಿ ಎನ್ನುತ್ತಿದ್ದೆ. ಕರೆಂಟಿನ ವಾದ್ಯ ನುಡಿಸುವವನಿಗೆ ಈ ಧಿಮಾಕು ಇನ್ನೂ ಹೆಚ್ಚು. ತಂತಿ ಸೇರಿಸಿದರೆ ಸದ್ದು, ಕಿತ್ತರೆ ಇಲ್ಲ. ನಡುವೆ ದೇವರಿಗೂ ದೆವ್ವಕ್ಕೂ ಜಾಗವಿಲ್ಲ ಎಂದು ಹತ್ತು ಜನರ ಮುಂದೆ ಹೇಳಿದ್ದೇನೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಸಿಂದಗಿಯಲ್ಲಿ ನನ್ನದೊಂದು ಸಣ್ಣ ಸಂಗೀತದ ತರಗತಿ ಇದೆ. ಜೊತೆಗೆ ಮದುವೆ, ಮನೆಶಾಂತಿ, ಹೆಸರಿಡುವ ಕಾರ್ಯಕ್ರಮಗಳಿಗೆ ಕೀಬೋರ್ಡ್ ನುಡಿಸುತ್ತೇನೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಕರೆದರೂ ನಾನು ಮತ್ತು ತಬಲಾದ ಮಲ್ಲಪ್ಪ ಹಾಜರು. ನನ್ನ ಕೀಬೋರ್ಡಿನ ಮೈಮೇಲೆಯೇ ಎಡಕ್ಕೊಂದು ಬಲಕ್ಕೊಂದು ಅಂಗೈ ಅಗಲದ ಸ್ಪೀಕರುಗಳಿವೆ. ಮನೆಯ ಅಭ್ಯಾಸಕ್ಕೆ ಅವು ಸಾಕು, ವೇದಿಕೆಯ ಮೇಲೆ ಮಾತ್ರ ತಲೆನೋವು. ಹೊರಗಿನ ದೊಡ್ಡ ಸ್ಪೀಕರ್ ಡಬ್ಬಗಳಿಗೆ ತಂತಿ ಎಳೆದ ಮೇಲೂ ಇವು ನುಡಿಯುತ್ತಲೇ ಇರುತ್ತವೆ. ಹತ್ತಿರ ಮೈಕ್ ಇದ್ದರೆ ಅದರೊಳಗೆ ನುಗ್ಗಿ ಕುಂಯ್ ಎಂದು ಕೂಗಿಸುತ್ತವೆ. ಹೆಡ್‌ಫೋನಿನ ತೂತಿಗೆ ಒಂದು ಪಿನ್ ಚುಚ್ಚಿದರೆ ಇವೆರಡೂ ಬಾಯಿ ಮುಚ್ಚುತ್ತವೆ, ಹೊರಗಿನ ಡಬ್ಬಗಳು ಮಾತ್ರ ನುಡಿಯುತ್ತವೆ. ಅದಕ್ಕೆಂದೇ ಒಂದು ಖಾಲಿ ಪಿನ್ ಸದಾ ನನ್ನ ಜೇಬಿನಲ್ಲಿರುತ್ತದೆ.

ಕೆಲವು ವರ್ಷಗಳ ಹಿಂದೆ ಯಂಕಂಚಿಯ ಒಂದು ಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯಕ್ರಮವಿತ್ತು. ಆ ಮನೆಯ ಹಿರಿಯಜ್ಜಿ ನೀಲವ್ವ ಆಯಿ. ಊರಲ್ಲಿ ಯಾರ ಮನೆಯ ತೊಟ್ಟಿಲಿಗಾದರೂ ಮೊದಲ ಜೋಗುಳ ಅವರದೇ. ಕಿವಿ ಪೂರ್ತಿ ಹೋಗಿ ಬಹಳ ಕಾಲವಾಗಿತ್ತು. ಬೆನ್ನ ಹಿಂದೆ ಟ್ರ್ಯಾಕ್ಟರಿನ ಹಾರ್ನ್ ಹೊಡೆದರೂ ತಿರುಗುತ್ತಿರಲಿಲ್ಲ. ಆದರೂ ಹಾಡುತ್ತಿದ್ದರು. ಹಾರ್ಮೋನಿಯಂ ಇದ್ದಾಗ ಅದರ ಮೇಲೆ ಎಡ ಅಂಗೈ ಇಟ್ಟು, ಅದರ ನಡುಕದಿಂದಲೇ ಶ್ರುತಿ ಹಿಡಿಯುತ್ತಿದ್ದರಂತೆ. ನಾನು ಬಂದ ಮೇಲೆ ಆ ಕೈ ಕೀಬೋರ್ಡಿನ ಎಡ ಸ್ಪೀಕರಿನ ಮೇಲೆ ಬಂತು. ಆದ್ದರಿಂದ ಆಯಿ ಹಾಡುವಾಗ ನಾನು ಪಿನ್ ಹಾಕುತ್ತಿರಲಿಲ್ಲ, ಮೈಕನ್ನೇ ದೂರ ಸರಿಸುತ್ತಿದ್ದೆ.

ಈ ಹೆಸರಿಡುವ ಕಾರ್ಯಕ್ರಮಕ್ಕೆ ಸ್ವಲ್ಪ ದಿನ ಮೊದಲು ನಿಡಗುಂದಿಯ ಬೀಗರ ಮನೆಯಲ್ಲಿ, ಬೇರೆ ಯಾರೋ ನುಡಿಸುವಾಗ, ಆಯಿಯ ಶ್ರುತಿ ತಪ್ಪಿ ಮಂದಿ ನಕ್ಕಿದ್ದರು. ಆ ಗಾಯ ಇನ್ನೂ ಹಸಿಯಾಗಿತ್ತು. ನಾನು ವಾದ್ಯ ಹೊಂದಿಸುತ್ತಿರುವಾಗ ಆಯಿ ಬಂದು ಮುಂದೆ ಕೂತರು.

“ತಮ್ಮಾ, ಇದು ನನ್ನ ಮೊಮ್ಮಗಳ ಕೂಸು. ಇವತ್ತೂ ಸುರ ತಪ್ಪಿತಂದ್ರ ನಾ ಮತ್ತ ಎಲ್ಲೂ ಬಾಯಿ ತಗಿಯಾಂಗಿಲ್ಲ ನೋಡು.”

“ನಾ ಅದೀನಲ್ರಿ ಆಯಿ” ಎಂದು ಎದೆ ತಟ್ಟಿ ತೋರಿಸಿದೆ.

ಜೋಗುಳಕ್ಕೆ ಮೊದಲು ಬೀಗರ ಕಡೆಯ ಹುಡುಗಿಯೊಬ್ಬಳು ಹಾಡಿದಳು. ತೆಳು ದನಿ, ಅದಕ್ಕಾಗಿ ಗುಂಡಿ ಒತ್ತಿ ಶ್ರುತಿಯನ್ನು ಎರಡು ಮನೆ, ಅಂದರೆ ಎರಡು ಕೀಲಿಯಷ್ಟು, ಏರಿಸಿದ್ದೆ. ಅವಳು ಮೈಕನ್ನು ಸೀದಾ ನನ್ನ ಸ್ಪೀಕರಿನ ಪಕ್ಕಕ್ಕೇ ಎಳೆದುಕೊಂಡಳು. ಕುಂಯ್ ಎಂದು ಶುರುವಾದದ್ದು ನಿಲ್ಲಲೇ ಇಲ್ಲ. ಕೂಸು ಬೆಚ್ಚಿ ಕಿರುಚಿತು. ಮುಂದೆ ಕೂತಿದ್ದ ಯಜಮಾನರೊಬ್ಬರು, “ಮಾಸ್ತರ, ಕೂಸಿಗೆ ಹೆಸರ ಇಡಾಕ ಕರಸೇವ್ರಿ, ಅಂಜಸಾಕಲ್ಲ” ಎಂದರು. ಇಡೀ ಚಪ್ಪರ ನಕ್ಕಿತು. ಮುಖ ಎಲ್ಲಿಡಬೇಕೋ ತಿಳಿಯದೆ ಪಿನ್ ಚುಚ್ಚಿದೆ, ಕೂಗು ನಿಂತಿತು. ಆ ಅವಮಾನದ ಬಿಸಿಯಲ್ಲಿ ಉಳಿದದ್ದೆಲ್ಲ ಮರೆತುಹೋಯಿತು.

ಆಯಿ ಬಂದು ಕೂತು ಸ್ಪೀಕರಿನ ಮೇಲೆ ಅಂಗೈ ಇಟ್ಟರು. ನಾನು ಷಡ್ಜ ಹಿಡಿದೆ. ಆಗ ಪಿನ್ ಕಣ್ಣಿಗೆ ಬಿತ್ತು. ಹುಡುಗಿ ಎಳೆದುಕೊಂಡಿದ್ದ ಮೈಕ್ ಇನ್ನೂ ಪಕ್ಕದಲ್ಲೇ ಇತ್ತು. ಕಿತ್ತರೆ ಮತ್ತೆ ಕೂಗು, ಬಿಟ್ಟರೆ ಆಯಿಯ ಕೈಕೆಳಗೆ ಬರೀ ಪ್ಲಾಸ್ಟಿಕ್. ಏನು ಮಾಡಲಿ ಎಂದು ಯೋಚಿಸುವಷ್ಟರಲ್ಲಿ ಅವರು ಎಂದಿನಂತೆ ಕಣ್ಣು ಮುಚ್ಚಿ, ಸಿಕ್ಕಿತು ಎಂಬಂತೆ ತಲೆಯಾಡಿಸಿ, ಜೋಗುಳ ಎತ್ತಿಯೇ ಬಿಟ್ಟರು.

ಕೂದಲೆಳೆಯಷ್ಟೂ ಶ್ರುತಿ ತಪ್ಪಲಿಲ್ಲ. ಇಷ್ಟು ವರ್ಷದ ರೂಢಿ, ಗಂಟಲೇ ದಾರಿ ಹಿಡಿದಿದೆ ಎಂದು ಸಮಾಧಾನಪಟ್ಟುಕೊಂಡೆ. ಆಗ ಕೀಬೋರ್ಡಿನ ಪರದೆ ನೋಡಿದೆ. ಹುಡುಗಿಗಾಗಿ ಏರಿಸಿದ್ದನ್ನು ಇಳಿಸುವುದನ್ನೂ ಮರೆತಿದ್ದೆ. ಆಯಿ ತಮ್ಮ ರೂಢಿಯ ಶ್ರುತಿಯಲ್ಲಿ ಇರಲೇ ಇಲ್ಲ. ಎರಡು ಮನೆ ಮೇಲೆ, ವಾದ್ಯ ಎಲ್ಲಿತ್ತೋ ಅಲ್ಲಿಯೇ ಇದ್ದರು. ದೊಡ್ಡ ಡಬ್ಬಗಳು ಚಪ್ಪರದಾಚೆ ಗೇಟಿನ ಹತ್ತಿರ ಇದ್ದವು. ಅವುಗಳ ನಡುಕ ಇಲ್ಲಿಯವರೆಗೆ ಬರುವಂತಿರಲಿಲ್ಲ.

ಕೂಸಿನ ಕಿವಿಯಲ್ಲಿ ಹೆಸರು ಹೇಳಿ ಆಯಿತು. ಹೆಂಗಸರು ವಾಡಿಕೆಯಂತೆ ಸೋದರತ್ತೆಯ ಬೆನ್ನಿಗೆ ಗುದ್ದಿ ನಗುತ್ತಿರುವಾಗ ನಾನು ತಡೆಯಲಾರದೆ ಕೂಸಿನ ತಾಯಿ ಶೈಲಾಗೆ ಪಿನ್ ತೋರಿಸಿ ಎಲ್ಲ ಹೇಳಿಬಿಟ್ಟೆ. ಆಯಿ ಅವಳ ತುಟಿ ನೋಡಿ ಮಾತು ತಿಳಿಯುತ್ತಿದ್ದರು. ಅವಳು ಹೇಳಿದ್ದನ್ನು ನೋಡಿ ಬೊಚ್ಚು ಬಾಯಲ್ಲಿ ನಕ್ಕರು.

“ಬಂದ್ ಇದ್ರ ನನ್ನ ಅಂಗೈ ಯಾಕ ಜುಮ್ ಅಂತಿತ್ತೋ? ಹಿಡಿ ನೋಡೂಣು ಸುರ.”

ಪಿನ್ ಇದ್ದಂತೆಯೇ, ಹೊರಗಿನ ಡಬ್ಬಗಳ ಸದ್ದನ್ನೂ ಇಳಿಸಿ, ಷಡ್ಜ ಒತ್ತಿದೆ. ಯಾರ ಕಿವಿಗೂ ಏನೂ ಕೇಳಲಿಲ್ಲ. ಮಲ್ಲಪ್ಪ ತಮಾಷೆಗೆಂದು ಅಂಗೈ ಇಟ್ಟ. ಅವನ ನಗು ಅಲ್ಲಿಗೇ ನಿಂತಿತು.

“ಐತಲ್ರಿ ಮಾಸ್ತರ.”

ಶೈಲಾ ಇಟ್ಟಳು. “ಹೌದ್ರಿ, ಸಣ್ಣಗ ನಡಗಾಕತ್ತೈತಿ.” ನನ್ನನ್ನು ಗೇಲಿ ಮಾಡಿದ್ದ ಯಜಮಾನರೂ ಬಂದು ಇಟ್ಟು, ಕೈಯನ್ನು ಹಣೆಗೆ ಮುಟ್ಟಿಸಿಕೊಂಡರು.

ಕೊನೆಗೆ ನಾನು ಇಟ್ಟೆ. ಏನೂ ಇಲ್ಲ. ಕೈ ಬದಲಿಸಿದೆ, ಕೆನ್ನೆ ಒತ್ತಿದೆ. ತಣ್ಣನೆಯ ಪ್ಲಾಸ್ಟಿಕ್ ಅಷ್ಟೇ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. “ಪೆಟ್ಟಿಗಿ ನಿಮ್ದ, ನಿಮಗ ತಿಳಿವಲ್ದೇನ್ರಿ?” ಎಂದು ಯಾರೋ ಕೇಳಿದರು. ಸ್ಪೀಕರು ಕೂಗಿದಾಗ ಆದ ನಾಚಿಕೆ ಇದರ ಮುಂದೆ ಏನೂ ಅಲ್ಲ. ಹಿಂದೆ ಮಂದಿ ನಕ್ಕಿದ್ದರು, ಈಗ ಯಾರೂ ನಗಲಿಲ್ಲ. ಆಯಿ ನನ್ನ ಕೈ ಹಿಡಿದು ಸವರಿದರು.

“ಇರಲಿ ಬಿಡೋ ತಮ್ಮಾ. ನಿನಗ ಕಿವಿ ಅದಾವಲ್ಲ.”

ಅಜ್ಜಿಯ ಮನಸ್ಸು ನೋಯಬಾರದೆಂದು ಎಲ್ಲರೂ ಹಾಗೆ ಹೇಳಿರಬಹುದೇ ಎಂದು ಮುಂದೆ ಬಹಳ ಸಲ ಯೋಚಿಸಿದ್ದೇನೆ. ಆದರೆ ಮಲ್ಲಪ್ಪ ಅಂಥವನಲ್ಲ. ನಾನು ಒಂದು ಸ್ವರ ತಪ್ಪಿದರೆ ವೇದಿಕೆಯ ಮೇಲೆಯೇ ಮುಖ ಸಿಂಡರಿಸುವವನು. ಇವತ್ತಿಗೂ ಕೇಳಿದರೆ “ಇತ್ತರಿ” ಎನ್ನುತ್ತಾನೆ, ಮಾತು ಬೆಳೆಸುವುದಿಲ್ಲ. ಅವರೆಲ್ಲ ಸುಳ್ಳು ಹೇಳಿದ್ದರು ಎಂದೇ ಇಟ್ಟುಕೊಂಡರೂ, ಆಯಿ ಆ ಎತ್ತರದ ಶ್ರುತಿಯನ್ನು ಎಲ್ಲಿಂದ ಹಿಡಿದರು? ರಿಪೇರಿಯವನಿಗೆ ತೋರಿಸಿದೆ. ಪಿನ್ ಹಾಕಿದ ಮೇಲೆ ಸ್ಪೀಕರು ಸತ್ತಂತೆಯೇ ಎಂದ.

ಈಗ ಎಲ್ಲಿಗೆ ಹೋದರೂ, ಮಂದಿ ಸೇರುವ ಮುಂಚೆ, ಪಿನ್ ಚುಚ್ಚಿ ಷಡ್ಜ ಒತ್ತಿ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಎಡ ಸ್ಪೀಕರಿನ ಮೇಲೆ ಅಂಗೈ ಇಡುತ್ತೇನೆ. ಆಯಿ ಇನ್ನೂ ಹಾಡುತ್ತಾರೆ. ಸಿಕ್ಕಾಗಲೆಲ್ಲ ನನ್ನ ಕೈ ಹಿಡಿದು, ಅಂಗೈ ಮೇಲೆ ಮಾಡಿ ನೋಡಿ, “ತಿಳೀತೇನೋ?” ಎಂದು ಕೇಳುತ್ತಾರೆ. ಪಾಠ ಒಪ್ಪಿಸಲು ಬಾರದ ಹುಡುಗನಂತೆ ತಲೆ ತಗ್ಗಿಸಿ, ಇಲ್ಲ ಎಂದು ಆಡಿಸುತ್ತೇನೆ.